ಫಿಲ್ಟರ್ ಮಾರಲು ಒಪ್ಪದ ಗ್ಯಾರೇಜು

ನಮ್ಮ ದಲ್ಲಾಳಿ ಅಂಗಡಿಯ ಖರ್ಚಿನ ಪುಸ್ತಕದಲ್ಲಿ ಫಿಯಟ್ ಕಾರಿಗೆಂದೇ ಒಂದು ಪುಟವಿದೆ. ಅಪ್ಪ ಹಾಕಿಕೊಟ್ಟ ಪದ್ಧತಿ. ಅವರು ಹೋದ ಮೇಲೂ ನಾನು ಬಿಟ್ಟಿಲ್ಲ. ಕಳೆದ ದೀಪಾವಳಿಯಿಂದ ಯುಗಾದಿಯವರೆಗೆ ಆ ಪುಟದಲ್ಲಿ ಒಂದೇ ಸಾಲು ಏಳು ಸಲ ಬಂದಿದೆ: ‘ಪೆಟ್ರೋಲ್ ಫಿಲ್ಟರ್ ಒಂದು, 80 ರೂ.’ ಎಂಟನೆಯ ಸಲ ಬರೆಸುವಾಗ ಗುಮಾಸ್ತರು ಕನ್ನಡಕದ ಮೇಲಿನಿಂದ ನನ್ನ ಮುಖ ನೋಡಿದರು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ನಾನು ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿರುವ ಮೆಕ್ಯಾನಿಕ್ ಚಾಚಾ ಅವರ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ್ದೆ.

ಕಾರು 1985ರ ಪ್ರೀಮಿಯರ್ ಪದ್ಮಿನಿ. ಮುಂಬೈಯ ಕುರ್ಲಾದಲ್ಲಿ ತಯಾರಾದದ್ದು. 1974ರಲ್ಲೇ ಪದ್ಮಿನಿ ಎಂಬ ಹೆಸರು ಬಂದಿದ್ದರೂ ನಮ್ಮ ಮನೆಯಲ್ಲಿ, ಎಪಿಎಂಸಿ ಯಾರ್ಡಿನಲ್ಲಿ ಅದು ಇಂದಿಗೂ ಫಿಯಟ್ಟೇ. 1089 ಸಿಸಿ ಎಂಜಿನ್, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬುರೇಟರಿಗೆ ಕೊಡುವುದು ಎಂಜಿನ್ನಿನ ಮಗ್ಗುಲಿಗೆ ಅಂಟಿಕೊಂಡ ಒಂದು ಸಣ್ಣ ಪಂಪು. ಮೆಕ್ಯಾನಿಕ್‌ಗಳು ಅದನ್ನು ಎ.ಸಿ. ಪಂಪ್ ಎನ್ನುತ್ತಾರೆ; ತಂಪು ಗಾಳಿಯ ಎ.ಸಿ.ಗೂ ಅದಕ್ಕೂ ನಂಟಿಲ್ಲ. ಎಂಜಿನ್ ತಿರುಗಿದಂತೆ ಅದರೊಳಗಿನ ರಬ್ಬರಿನ ಪೊರೆ ಮೇಲೆ ಕೆಳಗೆ ಆಡಿ ಪೆಟ್ರೋಲ್ ಹೀರುತ್ತದೆ. ಹೀರುವ ಶಕ್ತಿ ಬಹಳವಿಲ್ಲ. ದಾರಿಯಲ್ಲಿ ತುಸು ಕಸ ಅಡ್ಡ ಬಂದರೂ ಅದಕ್ಕೆ ದಮ್ಮು ಸಾಲದು.

ಊರೊಳಗೆ ಓಡಾಡುವಾಗ ಕಾರು ಸಾಧು. ಚಿತ್ರದುರ್ಗದ ಅಕ್ಕನ ಮನೆಗೆ ಹೊರಟರೆ ಮಾತ್ರ ಆನಗೋಡು ದಾಟಿ ಭರಮಸಾಗರ ಹತ್ತಿರವಾಗುತ್ತಿದ್ದಂತೆ ಮುಗ್ಗರಿಸಲು ಶುರು. ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗುತ್ತದೆ. ಹೆದ್ದಾರಿಯ ಅಂಚಿಗೆ ತಂದು ನಿಲ್ಲಿಸಿ, ಬಾನೆಟ್ ಎತ್ತಿ ಹದಿನೈದು ನಿಮಿಷ ಕಾದರೆ ಏನೂ ಆಗದವರ ಹಾಗೆ ಮತ್ತೆ ಹೊರಡುತ್ತದೆ. ಆರೇಳು ಕಿಲೋಮೀಟರಿಗೆ ಮತ್ತೆ ಅದೇ ಹಾಡು. ಹೊಸ ಫಿಲ್ಟರ್ ಹಾಕಿದರೆ ನೂರೈವತ್ತು ಕಿಲೋಮೀಟರ್ ಸುಖ. ‘ಬಸ್ಸಿಗೆ ಬರಬಾರದೇನೋ’ ಎಂದು ಅಕ್ಕ ಕೇಳುವುದನ್ನೂ ಬಿಟ್ಟಳು. ನಾನು ಬರುತ್ತೇನೆಂದರೆ ಎರಡು ಗಂಟೆ ತಡವಾಗಿಯೇ ಅನ್ನಕ್ಕೆ ಇಡುತ್ತಿದ್ದಳು.

ಮೊದಲು ತೋರಿಸಿದ ಗ್ಯಾರೇಜಿನ ಹೆಸರು ಬೇಡ. ಗಾಜಿನ ಕೋಣೆ, ಕುಳಿತುಕೊಳ್ಳಲು ಸೋಫಾ, ಕಂಪ್ಯೂಟರಿನಿಂದ ಬರುವ ಬಿಲ್ಲು ಎಲ್ಲ ಇತ್ತು. ಅವರು ಫಿಲ್ಟರ್ ಬದಲಾಯಿಸಿದರು. ಮತ್ತೆ ನಿಂತಾಗ ಪಂಪಿನ ಕಿಟ್ ಬದಲಾಯಿಸಿದರು. ಆಮೇಲೆ ಕಾಯಿಲ್, ಆಮೇಲೆ ಪ್ಲಗ್ಗು, ಆಮೇಲೆ ಕಾರ್ಬುರೇಟರ್ ಬಿಚ್ಚಿ ಅದರ ಜೆಟ್ಟಿಗೆ, ಅಂದರೆ ಪೆಟ್ರೋಲ್ ಚಿಮ್ಮುವ ಸಣ್ಣ ತೂತಿಗೆ, ತಂತಿ ತೂರಿಸಿದರು. ಇದರ ನಡುವೆ ನನ್ನ ಟ್ಯಾಂಕಿನ ಹಳೆಯ ಮುಚ್ಚಳವನ್ನು ಎಲ್ಲೋ ಕಳೆದು, ಬೀಗವಿರುವ ಹೊಸ ಮುಚ್ಚಳ ಹಾಕಿ ಅದಕ್ಕೂ 350 ರೂಪಾಯಿ ಬರೆದರು. ಒಟ್ಟು 11,400. ಕೊನೆಗೆ, ‘ಸರ್, ಫಿಲ್ಟರನ್ನೇ ತೆಗೆದುಬಿಡೋಣ, ಹಳೆಯ ಗಾಡಿಗೆ ಬೇಕಿಲ್ಲ’ ಎಂದರು. ನಾನು ಕಾಳಿನ ವ್ಯಾಪಾರಿ. ಜರಡಿ ತುಂಬುತ್ತದೆಂದು ಜರಡಿಯನ್ನೇ ಎಸೆಯುವ ಸಲಹೆ ಕೇಳಿದ್ದು ಅದೇ ಮೊದಲು.

ಚಾಚಾ ಅವರ ಗ್ಯಾರೇಜಿಗೆ ಬೋರ್ಡಿಲ್ಲ. ಲಾರಿ ಬಾಡಿ ಕಟ್ಟುವ ಶೆಡ್ಡುಗಳ ಹಿಂದೆ ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ಚಪ್ಪರ. ಕೂರಲು ಅಂಬಾಸಡರ್ ಕಾರಿನ ಹಿಂದಿನ ಸೀಟು. ಚಾಚಾ ಅವರ ವಯಸ್ಸು ಎಪ್ಪತ್ತರ ಆಚೆಗಿದೆ, ಕೈ ಇನ್ನೂ ನಡುಗುವುದಿಲ್ಲ. ನಾನು ಹೋಗಿ, ‘ಚಾಚಾ, ಒಂದು ಫಿಲ್ಟರ್ ಹಾಕಿಕೊಡಿ, ಒಳ್ಳೆಯ ಕಂಪನಿಯದು’ ಎಂದೆ.

‘ಹಳೆಯದೆಲ್ಲಿ?’

‘ಎಸೆದುಬಿಟ್ಟೆ.’

‘ಈಗ ಗಾಡಿಯಲ್ಲಿರುವುದನ್ನು ಬಿಚ್ಚುತ್ತೇನೆ. ಹೊಸದನ್ನು ನಾನು ಮಾರುವುದಿಲ್ಲ ಸಾಹುಕಾರರೇ. ಅದು ಎದುರಿನ ಅಂಗಡಿಯಲ್ಲೇ ಸಿಗುತ್ತದೆ, ಅದಕ್ಕೆ ನನ್ನ ಹತ್ತಿರ ಯಾಕೆ ಬಂದಿರಿ?’

ಬಿಚ್ಚಿದ ಫಿಲ್ಟರನ್ನು ವೈಸಿಗೆ ಸಿಕ್ಕಿಸಿ ಹ್ಯಾಕ್ಸಾ ಬ್ಲೇಡಿನಿಂದ ನಿಧಾನವಾಗಿ ಕೊಯ್ದರು. ಒಳಗಿನ ಕಾಗದ ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ಅದನ್ನು ಬಿಡಿಸಿ, ಹಳೆಯ ಪತ್ರಿಕೆಯ ಹಾಳೆಯೊಂದರ ಮೇಲೆ ಹರಡಿ ಬಿಸಿಲಿಗಿಟ್ಟರು. ಪೆಟ್ರೋಲ್ ಆರಿದ ಮೇಲೆ ಉಳಿದದ್ದು ಒಂದು ಚಿಟಿಕೆ ಪುಡಿ, ಮೆಣಸಿನಪುಡಿಗೆ ಕರಿಮೆಣಸು ಬೆರೆಸಿದಂತೆ. ಚಾಚಾ ಒಡೆದ ಸ್ಪೀಕರಿನ ಆಯಸ್ಕಾಂತವೊಂದನ್ನು ತಂದು ಹಾಳೆಯ ಅಡಿಯಲ್ಲಿ ಆಡಿಸಿದರು. ಕೆಂಪು ಪುಡಿಯಲ್ಲಿ ಬಹುಪಾಲು ಎದ್ದು ನಿಂತು ಆಯಸ್ಕಾಂತದ ಹಿಂದೆ ಇರುವೆಗಳ ಹಾಗೆ ಸಾಲು ಹಿಡಿಯಿತು. ಕಪ್ಪು ಚೂರುಗಳು ಮಾತ್ರ ಬಿದ್ದಲ್ಲೇ ಬಿದ್ದಿದ್ದವು. ‘ನಡೆದದ್ದು ಟ್ಯಾಂಕಿನ ತುಕ್ಕು. ನಡೆಯದೆ ಕೂತದ್ದು ನಿಮ್ಮ ರಬ್ಬರ್ ಪೈಪು.’ ಎಂಟು ಫಿಲ್ಟರ್ ಕೊಂಡವನು ಒಂದನ್ನೂ ಕೊಯ್ದು ನೋಡಿರಲಿಲ್ಲ. ಯಾರ್ಡಿನಲ್ಲಿ ಒಂದು ಚೀಲ ಜೋಳಕ್ಕೂ ಬಂಬು ಚುಚ್ಚಿ ಒಳಗಿನ ಕಾಳು ತೆಗೆದು ನೋಡದೆ ದರ ಹೇಳುವವನಲ್ಲ ನಾನು.

ಆಮೇಲೆ ಪಂಪಿನ ಪರೀಕ್ಷೆ. ಕಾರ್ಬುರೇಟರಿಗೆ ಹೋಗುವ ಪೈಪನ್ನು ಕಿತ್ತು ಬಾಟಲಿಗೆ ಬಿಟ್ಟು, ಹುಡುಗನಿಂದ ಸೆಲ್ಫ್ ಹೊಡೆಸಿದರು. ಮಗುವಿಗೆ ಔಷಧಿ ಹನಿಸಿದ ಹಾಗೆ ನಾಲ್ಕು ತೊಟ್ಟು. ಟ್ಯಾಂಕಿನಿಂದ ಬರುವ ದಾರಿಯನ್ನು ಬಿಡಿಸಿ, ಐದು ಲೀಟರಿನ ಕ್ಯಾನಿನಿಂದ ನೇರವಾಗಿ ಪಂಪಿಗೆ ಕೊಟ್ಟಾಗ ಅದೇ ಪಂಪು ಚಿಳ್ ಚಿಳ್ ಎಂದು ಚಿಮ್ಮಿಸಿತು. ಹಾಗೆಯೇ ಕ್ಯಾನ್ ಕಟ್ಟಿಕೊಂಡು ಹರಿಹರದ ತುಂಗಭದ್ರಾ ಸೇತುವೆಯವರೆಗೆ ತಾವೇ ಓಡಿಸಿಕೊಂಡು ಹೋಗಿ ಬಂದರು. ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ. ಪಕ್ಕದಲ್ಲಿ ಕುಳಿತ ನನಗೆ ಜೀವ ಕೈಯಲ್ಲಿತ್ತು. ಬಿಸಿ ಎಂಜಿನ್, ತೆರೆದ ಪೆಟ್ರೋಲ್ ಎರಡೂ ಒಂದೇ ಗಾಡಿಯಲ್ಲಿ. ಇದನ್ನು ನೀವು ಮಾಡಲು ಹೋಗಬೇಡಿ. ಪಂಪು, ಕಾಯಿಲ್, ಪ್ಲಗ್ಗು, ಎಲ್ಲವೂ ಮೊದಲಿನಿಂದಲೂ ನೆಟ್ಟಗಿದ್ದವು ಎಂಬುದು ಹರಿಹರದಿಂದ ಹಿಂತಿರುಗುವಷ್ಟರಲ್ಲಿ ಖಚಿತವಾಯಿತು. 11,400 ರೂಪಾಯಿಯ ನೆನಪಾಗಿ ಹೊಟ್ಟೆ ಉರಿಯಿತು.

‘ನಲವತ್ತು ವರ್ಷ ಇಲ್ಲದ ತುಕ್ಕು ಈಗ ಹೇಗೆ ಬಂತು?’ ಎಂದು ಕೇಳಿದೆ. ‘ನೀವು ಏನು ವ್ಯಾಪಾರ ಮಾಡುತ್ತೀರಿ?’ ಎಂದರು. ‘ಮೆಕ್ಕೆಜೋಳ’ ಎಂದೆ. ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗದೆ ಇನ್ನೇನು ಮಾಡುತ್ತಾರೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಕೊಟ್ಟರು. ಕಬ್ಬಿನಿಂದ ಮಾಡುತ್ತಿದ್ದುದನ್ನು ಈಗ ಮೆಕ್ಕೆಜೋಳದಿಂದಲೂ ಮಾಡುತ್ತಾರೆ. ಕಾರ್ಖಾನೆಯವರು ಕೊಳ್ಳಲು ಬಂದರೆ ದರ ಏರುತ್ತದೆಂದು ನಾವು ದಲ್ಲಾಳಿಗಳು ಖುಷಿಪಡುತ್ತೇವೆ. ಆ ಎಥನಾಲಿಗೆ ನೀರೆಂದರೆ ಪ್ರಾಣ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಒಂದು ಮಿತಿಯವರೆಗೆ ನೀರನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಮಿತಿ ಮೀರಿದರೆ ನೀರೂ ಎಥನಾಲೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತವೆ. ತಳ ಕಬ್ಬಿಣದ ತಗಡು. ಸಾಲದ್ದಕ್ಕೆ ಎಥನಾಲ್ ಒಳ್ಳೆಯ ತೊಳೆಯುವ ದ್ರಾವಕವೂ ಹೌದು: ಎಷ್ಟೋ ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಅಂಟಿ, ಯಾರಿಗೂ ತೊಂದರೆ ಕೊಡದೆ ಕೂತಿದ್ದ ಜಿಗುಟನ್ನು ಎಬ್ಬಿಸಿ ಕಳುಹಿಸುತ್ತದೆ. ಬರಿಯ ಪೆಟ್ರೋಲಿಗೆಂದು ಮಾಡಿದ ಹಳೆಯ ರಬ್ಬರ್ ಪೈಪನ್ನು ಉಬ್ಬಿಸಿ ಒಳಗಿನಿಂದ ಉದುರಿಸುತ್ತದೆ. ಚಾಚಾ ನನ್ನ ಪೈಪಿನ ತುದಿಯನ್ನು ಹಿಸುಕಿ ತೋರಿಸಿದರು. ಬೆರಳಿಗೆ ಕಾಡಿಗೆಯಂತೆ ಮೆತ್ತಿಕೊಂಡಿತು.

ತಪ್ಪು ಎಥನಾಲಿನದೊಂದೇ ಎಂದರೆ ನಾನು ಸುಳ್ಳು ಹೇಳಿದಂತೆ. ಐನೂರು ರೂಪಾಯಿಗೆ ಹಾಕಿಸಿ, ಮುಗಿದ ಮೇಲೆ ಮತ್ತೆ ಐನೂರು, ಇದು ನನ್ನ ಅಭ್ಯಾಸ. ಟ್ಯಾಂಕು ಯಾವಾಗಲೂ ಮುಕ್ಕಾಲು ಖಾಲಿ. ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಗೋಡೆಯ ಮೇಲೆ ಬೆವರಿ ಕೆಳಗಿಳಿಯುತ್ತದೆ. ತೇವಾಂಶ ನೂರಕ್ಕೆ 14ರ ಮೇಲಿದ್ದರೆ ರೈತನ ಜೋಳಕ್ಕೆ ದರ ಇಳಿಸುವ ನನಗೆ ನನ್ನ ಟ್ಯಾಂಕಿನ ತೇವ ಹೊಳೆದಿರಲಿಲ್ಲ. ‘ವಾರಗಟ್ಟಲೆ ನಿಲ್ಲಿಸುವ ಗಾಡಿಗೆ ಟ್ಯಾಂಕ್ ತುಂಬಿಸಿ ನಿಲ್ಲಿಸಬೇಕು’ ಎಂದು ಚಾಚಾ ಬೈದರು. ಬೈಸಿಕೊಂಡೆ.

ಇನ್ನು ಟ್ಯಾಂಕಿನ ಕೆಲಸ. ಇಲ್ಲಿ ಈ ಗ್ಯಾರೇಜಿನ ನಿಜವಾದ ಬೆಲೆ ತಿಳಿಯಿತು.

ಡಿಕ್ಕಿಯಿಂದ ಟ್ಯಾಂಕನ್ನು ಇಳಿಸಿ, ಉಳಿದ ಪೆಟ್ರೋಲನ್ನು ಬಿಳಿ ಪಂಚೆಯ ತುಂಡಿನ ಮೂಲಕ ಸೋಸಿದರು. ಪಂಚೆಯ ಮೇಲೆ ನಿಂತ ರಾಡಿ ಒಂದು ಲೋಟದಷ್ಟಿತ್ತು. ಎಳೆಯುವ ಪೈಪಿನ ತುದಿಯಲ್ಲಿದ್ದ ಸಣ್ಣ ಜಾಲರಿ ಹರಿದು ಚಿಂದಿಯಾಗಿತ್ತು. ಬೀಡಿ ಸೇದುತ್ತ ಬಂದ ಲಾರಿ ಕ್ಲೀನರ್ ಒಬ್ಬನನ್ನು ಚಾಚಾ ರಸ್ತೆಯ ಆಚೆಗೆ ಅಟ್ಟಿದರು. ‘ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿಗೆ ಹೆದರಬೇಕು. ಹೊತ್ತಿಕೊಳ್ಳುವುದು ಆವಿ’ ಎಂದರು. ವಾಷಿಂಗ್ ಸೋಡಾ ಕಲಸಿದ ಬಿಸಿನೀರು ಎರಡು ಸಲ. ಆಮೇಲೆ ಒಳಗಿನ ತುಕ್ಕು ಉದುರಿಸಲು ಒಂದು ಸೇರಿನಷ್ಟು ಸಣ್ಣ ನಟ್ಟುಗಳನ್ನು ಎಣಿಸಿ ಟ್ಯಾಂಕಿನೊಳಗೆ ಹಾಕಿದರು. ಎಣಿಸಿದ್ದು ಯಾಕೆಂದರೆ ಅಷ್ಟನ್ನೂ ಹೊರಗೆ ತೆಗೆಯಬೇಕು. ಕೈಯಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ ಹುಡುಗರು ಸೋತಾಗ ಚಾಚಾ ನನ್ನ ಕಡೆ ತಿರುಗಿ, ‘ನಿಮ್ಮ ಯಾರ್ಡಿಗೆ ಟ್ರ್ಯಾಕ್ಟರ್ ಬರುತ್ತವಲ್ಲ?’ ಎಂದರು.

ಟ್ರ್ಯಾಕ್ಟರಿನ ಹಿಂದಿನ ಗಾಲಿಯೊಂದನ್ನು ಜಾಕಿಯ ಮೇಲೆ ಎತ್ತಿ, ಟ್ಯಾಂಕಿಗೆ ನಮ್ಮ ಅಂಗಡಿಯ ನಾಲ್ಕು ಗೋಣಿಚೀಲ ಸುತ್ತಿ, ಹಗ್ಗದಿಂದ ಗಾಲಿಗೆ ಬಿಗಿದು, ಮೊದಲನೆಯ ಗೇರಿನಲ್ಲಿ ನಿಧಾನವಾಗಿ ತಿರುಗಿಸಿದರು. ಗಲಗಲ ಗಲಗಲ ಎಂದು ಮುಕ್ಕಾಲು ಗಂಟೆ. ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ಸುತ್ತ ನಿಂತರು. ಟ್ರ್ಯಾಕ್ಟರಿನ ರೈತ ಬಾಡಿಗೆ ಬೇಡವೆಂದ; ಚಹಾ, ಮಂಡಕ್ಕಿ, ಮಿರ್ಚಿಗೆ ಒಪ್ಪಿದ. ನಟ್ಟುಗಳನ್ನು ಹೊರಗೆ ಸುರಿದಾಗ ಜೊತೆಗೆ ಬಂದದ್ದು ಇಟ್ಟಿಗೆ ಪುಡಿಯ ಬಣ್ಣದ ನೀರು. ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ, ಮತ್ತೆ ಸೋಡಾ ನೀರು, ಮತ್ತೆ ಬರಿಯ ನೀರು, ತಕ್ಷಣ ಬ್ಲೋಯರಿನ ಗಾಳಿ. ಹಸಿ ಇದ್ದರೆ ಒಂದೇ ಗಂಟೆಯಲ್ಲಿ ಹೊಸ ತುಕ್ಕು ಕಟ್ಟುತ್ತದಂತೆ.

ತುಕ್ಕು ಹೋದ ಮೇಲೆ ತಳದಲ್ಲಿ ಸೂಜಿ ಮೊನೆಯಷ್ಟು ತೂತೊಂದು ಕಾಣಿಸಿತು. ಅದುವರೆಗೆ ತುಕ್ಕೇ ಅದನ್ನು ಮುಚ್ಚಿಕೊಂಡಿತ್ತು! ಚಾಚಾ ತಾವು ಮುಟ್ಟದೆ ರೇಡಿಯೇಟರ್ ರಿಪೇರಿಯವರ ಹತ್ತಿರ ಕಳುಹಿಸಿದರು. ಆತ ಟ್ಯಾಂಕಿಗೆ ಕುತ್ತಿಗೆವರೆಗೆ ನೀರು ತುಂಬಿಸಿ, ತೂತಿರುವ ಮೂಲೆಯನ್ನು ಮಾತ್ರ ಮೇಲೆ ಮಾಡಿಕೊಂಡು, ಕಾಯಿಸಿದ ಬೆಸುಗೆ ಸಲಾಕೆಯಿಂದ ಬೆಸುಗೆ ಇಟ್ಟ. ಕಡಲೆ ಗಾತ್ರದ ಬೆಸುಗೆ, 350 ರೂಪಾಯಿ. ಒಳಗಡೆ ಬಣ್ಣದಂತೆ ಬಳಿಯುವ ಲೇಪನ ಸಿಗುತ್ತದಲ್ಲ, ಅದನ್ನೂ ಹಾಕಿಸೋಣವೇ ಎಂದಾಗ ಚಾಚಾ ಬೇಡವೆಂದರು. ಅಗ್ಗದ ಲೇಪನವನ್ನು ಎಥನಾಲ್ ಎಬ್ಬಿಸಿದರೆ ಸಿಪ್ಪೆ ಸಿಪ್ಪೆಯಾಗಿ ಫಿಲ್ಟರಿಗೇ ಬರುತ್ತದೆ ಎಂಬುದು ಅವರ ವಾದ. ಒಳ್ಳೆಯ ಲೇಪನ ಹಾಕಿಸಿ ಸುಖವಾಗಿರುವವರನ್ನೂ ನಾನು ಬಲ್ಲೆ, ಆದರೆ ಆ ಹೊತ್ತಿಗೆ ಅವರೊಡನೆ ವಾದ ಮಾಡುವ ಉಮೇದು ನನಗಿರಲಿಲ್ಲ.

ಉಳಿದದ್ದು ಬೇಗ ಮುಗಿಯಿತು. ಕಬ್ಬಿಣದ ಪೈಪಿಗೆ ಮುಂದಿನಿಂದ ಹಿಂದಕ್ಕೆ ಗಾಳಿ ಹೊಡೆದರು. ರಬ್ಬರ್ ಪೈಪುಗಳನ್ನೆಲ್ಲ ಕಿತ್ತು, ಮೈಮೇಲೆ ಜೆ30 ಆರ್9 ಎಂದು ಅಚ್ಚಾಗಿರುವ, ಎಥನಾಲ್ ತಡೆಯುವ ಪೈಪು ಹಾಕಿದರು. ಕಾರ್ಬುರೇಟರಿನ ಜೆಟ್ಟನ್ನು ಗಾಳಿಯಿಂದಷ್ಟೇ ಊದಿದರು; ಹಿತ್ತಾಳೆಯ ತೂತಿಗೆ ತಂತಿ ತೂರಿಸಿದರೆ ಅದು ಹಿಗ್ಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ಎಂದು ಗೊಣಗುತ್ತಲೇ ಊದಿದರು. ಪಂಪಿನ ಮುಂಚೆ, ಸೈಲೆನ್ಸರಿನ ಬಿಸಿ ತಾಗದ ಜಾಗದಲ್ಲಿ, ಒಳಗೆ ಕಾಣುವ ಪ್ಲಾಸ್ಟಿಕ್ಕಿನ ಫಿಲ್ಟರ್ ಕೂರಿಸಿದರು. ಅದನ್ನು ಎದುರಿನ ಅಂಗಡಿಯಿಂದ ನಾನೇ ತಂದದ್ದು.

ಹತ್ತು ದಿನ ಕಾರು ಮದುಮಗನ ಹಾಗೆ ಓಡಿತು. ಹನ್ನೊಂದನೆಯ ದಿನ ಅಕ್ಕನ ಮನೆಗೆ ಹೊರಟೆ. ಭರಮಸಾಗರ ದಾಟಿ, ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಮತ್ತೆ ಮುಗ್ಗರಿಸಿ ನಿಂತಿತು.

ಬಾನೆಟ್ ಎತ್ತಿದೆ. ಫಿಲ್ಟರಿನಲ್ಲಿ ಕಸದ ಸುಳಿವಿಲ್ಲ. ಪೆಟ್ರೋಲಿನ ಸುಳಿವೂ ಇಲ್ಲ. ಚಾಚಾ ಅವರಿಗೆ ಫೋನ್ ಮಾಡಿ, ಬಾಯಿಗೆ ಬಂದದ್ದನ್ನು ಹೇಳಬೇಕೆಂದಿದ್ದೆ. ಅವರು ಕೇಳಿದ್ದು ಒಂದೇ: ‘ಟ್ಯಾಂಕಿನ ಮುಚ್ಚಳ ತೆಗೆಯಿರಿ. ಫೋನು ಅಲ್ಲೇ ಹಿಡಿಯಿರಿ.’ ಬೀಗ ತಿರುಗಿಸಿ ಮುಚ್ಚಳ ಸಡಿಲಿಸಿದೆ. ಸುಯ್ಯೆಂದು ಟ್ಯಾಂಕು ಉದ್ದನೆಯ ಉಸಿರೆಳೆದುಕೊಂಡಿತು. ಚಾಚಾ ಅವರಿಗೆ ಅಲ್ಲಿಯವರೆಗೂ ಕೇಳಿಸಿತು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ತಪ್ಪು ನನ್ನದು. ತುಕ್ಕು ಸಿಕ್ಕಿತೆಂದು ಹುಡುಕುವುದನ್ನೇ ನಿಲ್ಲಿಸಿದೆ. ಮುಚ್ಚಳ ಸಡಿಲ ಬಿಟ್ಟು ನಿಧಾನವಾಗಿ ಹೋಗಿ ಬನ್ನಿ’ ಎಂದರು.

ಪೆಟ್ರೋಲ್ ಹೊರಟಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಹಳೆಯ ಮುಚ್ಚಳದಲ್ಲಿ ಅದಕ್ಕೆಂದೇ ಸಣ್ಣ ಕಿಂಡಿಯಿತ್ತು. ಆ ಸೋಫಾ ಗ್ಯಾರೇಜಿನವರು ಹಾಕಿದ ಬೀಗದ ಮುಚ್ಚಳದಲ್ಲಿ ಇರಲಿಲ್ಲ. ಮೂವತ್ತು ನಲವತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಒಳಗೆ ನಿರ್ವಾತ ಕಟ್ಟಿ, ಪಂಪು ಎಷ್ಟು ಎಳೆದರೂ ಬರುವುದಿಲ್ಲ. ನಿಂತು ಕಾದರೆ ಅಲ್ಲಿ ಇಲ್ಲಿ ಸಂದಿನಿಂದ ಗಾಳಿ ಒಳಸೇರಿ ಸರಿಹೋಗುತ್ತದೆ. ಫಿಲ್ಟರ್ ಕಟ್ಟಿದಾಗಲೂ ಇದೇ ಲಕ್ಷಣ: ನಿಂತಾಗ ಕಾಗದಕ್ಕೆ ಅಂಟಿದ ಕಸ ಕೆಳಗೆ ಜಾರುತ್ತದೆ, ಕಾರು ಮತ್ತೆ ಹೊರಡುತ್ತದೆ. ಎರಡು ರೋಗ, ಒಂದೇ ಕೆಮ್ಮು. ಸಂಕ್ರಾಂತಿಯ ಸಮಯದಲ್ಲಿ ಬಂಕಿನ ಹುಡುಗನೊಬ್ಬ ಮುಚ್ಚಳ ತೆಗೆಯುತ್ತ, ‘ಸರ್, ಗಾಳಿ ಎಳೆಯುತ್ತಿದೆಯಲ್ಲ’ ಎಂದಿದ್ದ. ನಾನು ಮೀಟರಿನ ಮೇಲೆ ಕಣ್ಣಿಟ್ಟುಕೊಂಡು ‘ಐನೂರಕ್ಕೆ ಹಾಕಪ್ಪ’ ಎಂದಿದ್ದೆ.

ಚಾಚಾ ಗುಜರಿಯಿಂದ ಹಳೆಯ ಪದ್ಮಿನಿಯ ಮುಚ್ಚಳವೊಂದನ್ನು ಹುಡುಕಿ ತರಿಸಿ, ಕಿಂಡಿ ಊದಿ ನೋಡಿ ಹಾಕಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಆ ಮೇಲೆ ಕಾರು 2,300 ಕಿಲೋಮೀಟರ್ ಓಡಿದೆ, ದುರ್ಗಕ್ಕೆ ಹನ್ನೆರಡು ಸಲ ಹೋಗಿ ಬಂದಿದೆ. ಫಿಲ್ಟರ್ ಅದೇ. ತಳದಲ್ಲಿ ಉಗುರಿನ ತುದಿಯಷ್ಟು ಕೆಂಪು ಕಾಣುತ್ತದೆ, ಅಷ್ಟೇ. ಅಕ್ಕ ಅನ್ನಕ್ಕೆ ಇಡುವ ಹೊತ್ತಿಗೆ ನಾನು ಅವರ ಮನೆಯ ಜಗುಲಿಯ ಮೇಲಿರುತ್ತೇನೆ.

ಖರ್ಚು: ಚಾಚಾ ಅವರ ಕೂಲಿ, ಪೈಪು, ಕ್ಲಾಂಪು, ಆಮ್ಲ ಎಲ್ಲ ಸೇರಿ 5,200, ಬೆಸುಗೆ 350, ಮಂಡಕ್ಕಿ ಮಿರ್ಚಿ ಬೇರೆ. ಐದು ನಕ್ಷತ್ರಗಳಲ್ಲಿ ನಾನು ನಾಲ್ಕು ಕೊಡುತ್ತೇನೆ. ಮುಚ್ಚಳದ ವಿಷಯಕ್ಕೆ ಕಳೆದಿಲ್ಲ. ಫೋನಿನಲ್ಲಿ ತಪ್ಪೊಪ್ಪಿಕೊಂಡ ಮೆಕ್ಯಾನಿಕ್ ನನಗೆ ಸಿಕ್ಕಿರುವುದು ಇವರೊಬ್ಬರೇ. ಕಳೆದದ್ದು ದಿನಗಳ ಲೆಕ್ಕಕ್ಕೆ. ನಾಲ್ಕು ದಿನ ಎಂದವರು ಹನ್ನೊಂದು ದಿನ ಮಾಡಿದರು. ನಡುವೆ ಯಾವುದೋ ಲಾರಿ ಬಂತೆಂದು ನನ್ನ ಟ್ಯಾಂಕು ಬೇವಿನ ಮರದ ಕೆಳಗೆ ಮೂರು ದಿನ ಅನಾಥವಾಗಿ ಬಿದ್ದಿತ್ತು. ಬಿಲ್ಲು ಕೊಡುವುದಿಲ್ಲ, ಕೇಳಿದರೆ ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಡುತ್ತಾರೆ. ನಮ್ಮ ಗುಮಾಸ್ತರು ಅದನ್ನೇ ಪುಸ್ತಕಕ್ಕೆ ಅಂಟಿಸಿದ್ದಾರೆ. ಹೊಸ ಕಾರುಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹೋದರೆ ಬಿಡುವಾಗಿ ಮಾತಿಗೆ ಸಿಗುತ್ತಾರೆ. ಹೋಗುವವರು ಹಳೆಯ ಫಿಲ್ಟರನ್ನು ಎಸೆಯದೆ ಕಾಗದದಲ್ಲಿ ಸುತ್ತಿಕೊಂಡು ಹೋಗಿ. ಅವರು ಮೊದಲು ಕೇಳುವುದೇ ಅದನ್ನು.